ಪೈಪು ಹಾಕಿದವರು ತೆಗೆಯುವ ದಿನವನ್ನೂ ಬರೆಯಲಿ

ಗುಬ್ಬಿ, ಕುಣಿಗಲ್ ಕಡೆಯ ಹಳ್ಳಿಗಳಿಂದ ತುಮಕೂರಿಗೋ ಬೆಂಗಳೂರಿಗೋ ಹೋಗಿ ಆಸ್ಪತ್ರೆ ಸೇರಿದ ಅಜ್ಜ-ಅಜ್ಜಿಯರನ್ನು ನೋಡಿ ಬಂದವರು "ಉಚ್ಚೆಗೆ ಪೈಪ್ ಹಾಕವ್ರೆ" ಅನ್ನುತ್ತಾರೆ. ಯಾಕೆ ಹಾಕಿದ್ದಾರೆ, ಯಾವತ್ತು ತೆಗೀತಾರೆ ಎಂದು ಕೇಳಿ ನೋಡಿ. ಮನೆಯವರಿಗೆ ಗೊತ್ತಿರುವುದಿಲ್ಲ, ಎಷ್ಟೋ ಸಲ ಕೇಸ್ ಶೀಟಿನಲ್ಲೂ ಬರೆದಿರುವುದಿಲ್ಲ.

ಮೂತ್ರ ಕಟ್ಟಿಕೊಂಡವರಿಗೆ ಈ ಪೈಪು, ಅಂದರೆ ಕ್ಯಾತಿಟರ್, ಬೇಕೇ ಬೇಕು. ದೊಡ್ಡ ಆಪರೇಷನ್ ಆದವರಿಗೆ, ಐಸಿಯುನಲ್ಲಿ ಗಂಟೆಗಂಟೆಗೂ ಮೂತ್ರ ಅಳೆಯಬೇಕಾದವರಿಗೆ ಬೇಕು. ಆದರೆ ಕೈಹಿಡಿದರೆ ಶೌಚಾಲಯದವರೆಗೆ ನಡೆಯಬಲ್ಲ ವೃದ್ಧರಿಗೆ, ಹಾಸಿಗೆ ಒದ್ದೆಯಾದೀತೆಂದು ಪೈಪು ಹಾಕಿ ಮರೆತುಬಿಡುವುದು ಚಿಕಿತ್ಸೆಯೇ ಅಲ್ಲ. ಮೂತ್ರ ಹಿಡಿದುಕೊಳ್ಳಲಾಗದವರಿಗೆ ಆರೈಕೆಯ ಬದಲು ಕ್ಯಾತಿಟರ್ ಹಾಕಬಾರದೆಂದು ಅಮೆರಿಕದ ರೋಗ ನಿಯಂತ್ರಣ ಕೇಂದ್ರ 2009ರಲ್ಲೇ ಸ್ಪಷ್ಟವಾಗಿ ಹೇಳಿದೆ.

ಪೈಪು ಒಳಗಿರುವ ಒಂದೊಂದು ದಿನಕ್ಕೂ ಮೂತ್ರದಲ್ಲಿ ಬ್ಯಾಕ್ಟೀರಿಯಾ ಸೇರುವ ಸಂಭವ ಶೇ 3ರಿಂದ 7ರಷ್ಟು ಇರುತ್ತದೆ. ಅದು ಸೋಂಕಾಗಿ ರಕ್ತಕ್ಕೆ ಇಳಿದರೆ ವಯಸ್ಸಾದವರ ಜೀವಕ್ಕೇ ಸಂಚಕಾರ. ಚೀಲ ನೇತಾಡುತ್ತಿದೆಯೆಂದು ಮುದುಕರು ಮಂಚ ಬಿಟ್ಟು ಇಳಿಯುವುದಿಲ್ಲ. ನಾಲ್ಕು ದಿನ ಮಲಗಿದರೆ ಕಾಲಿನ ಕಸುವು ಹೋಗುತ್ತದೆ, ಬೆನ್ನಿಗೆ ಹುಣ್ಣು ಬೀಳುತ್ತದೆ. ರಾತ್ರಿ ಭ್ರಮೆ ಬಂದವರು ಪೈಪನ್ನು ಕಿತ್ತುಕೊಂಡು ರಕ್ತ ಸುರಿಸಿಕೊಳ್ಳುತ್ತಾರೆ. ಆಗ ಕೈಯನ್ನೂ ಕಟ್ಟಿಹಾಕುತ್ತಾರೆ. ಬಾಳಿ ಬದುಕಿದ ಜೀವಕ್ಕೆ ಇದಕ್ಕಿಂತ ಅವಮಾನ ಬೇಕೆ?

"ಸಿಬ್ಬಂದಿ ಎಲ್ಲಿದ್ದಾರೆ? ಮನೆಯವರೇ ಪೈಪು ಹಾಕಿ ಅಂತಾರೆ" ಎನ್ನುವುದು ಆಸ್ಪತ್ರೆಗಳ ಉತ್ತರ. ಸಿಬ್ಬಂದಿ ಕೊರತೆ ನಿಜ. ರಾತ್ರಿ ಪಾಳಿಯಲ್ಲಿ ಇಡೀ ವಾರ್ಡು ಹೊತ್ತ ಸಿಸ್ಟರ್ ಮೇಲೆ ನನಗೆ ಸಿಟ್ಟಿಲ್ಲ. ಖಾಲಿ ಹುದ್ದೆ ತುಂಬದವರ ಮೇಲಿದೆ. ಆದರೆ ಸೋಂಕು ತಗಲಿದ ರೋಗಿ ಇನ್ನಷ್ಟು ದಿನ ಉಳಿಯುತ್ತಾರೆ, ಅದೇ ಸಿಸ್ಟರ್ ಕೈಗೆ ಕೆಲಸ ಹೆಚ್ಚುತ್ತದೆ. ಅಮೆರಿಕದ 603 ಆಸ್ಪತ್ರೆಗಳಲ್ಲಿ ನಡೆದು 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಐಸಿಯು ಹೊರಗಿನ ವಾರ್ಡುಗಳಲ್ಲಿ ಇಂಥ ಸೋಂಕು ಶೇ 32ರಷ್ಟು ಇಳಿಯಿತು. ಅಲ್ಲಿ ಹೊಸ ಔಷಧವೇನೂ ಬಂದಿರಲಿಲ್ಲ. ಪೈಪು ಇನ್ನೂ ಬೇಕೆ ಎಂದು ದಿನವೂ ವಿಚಾರಿಸುವುದು, ಹಾಕುವಾಗ ಶುದ್ಧಿ ಕಾಪಾಡುವುದು, ಲೆಕ್ಕ ಇಡುವುದು, ಇಷ್ಟನ್ನೇ ಪಟ್ಟುಹಿಡಿದು ಮಾಡಿದರು.

ತುಮಕೂರು ಜಿಲ್ಲಾಸ್ಪತ್ರೆಯಿಂದ ಗುಬ್ಬಿ, ಕುಣಿಗಲ್ ತಾಲ್ಲೂಕು ಆಸ್ಪತ್ರೆಗಳವರೆಗೆ ಆರೋಗ್ಯ ಇಲಾಖೆ ಇದನ್ನು ಕಡ್ಡಾಯ ಮಾಡಲಿ. ಪೈಪು ಹಾಕಿದ ಕಾರಣ, ತೆಗೆಯಬೇಕಾದ ದಿನ ಕೇಸ್ ಶೀಟಿನಲ್ಲಿರಲಿ. ಕಾರಣ ಮುಗಿದ ಕೂಡಲೇ ಡಾಕ್ಟರಿಗಾಗಿ ಕಾಯದೆ ತೆಗೆಯುವ ಅಧಿಕಾರ ನರ್ಸುಗಳಿಗಿರಲಿ. ಪ್ರತಿ ವಾರ್ಡಿಗೂ ಬೆಡ್ ಪ್ಯಾನ್, ಕಮೋಡ್ ಕುರ್ಚಿ ಬರಲಿ.

ರೋಗಿಯ ಜೊತೆಗಿರುವವರಲ್ಲಿ ನನ್ನದೊಂದು ಬೇಡಿಕೆ: ಪೈಪನ್ನು ನೀವಾಗಿ ಎಳೆಯಬೇಡಿ, ಒಳಗೆ ನೀರು ತುಂಬಿದ ಬಲೂನು ಇರುತ್ತದೆ. ಡಾಕ್ಟರು ರೌಂಡ್ಸಿಗೆ ಬಂದಾಗ "ಸಾರ್, ಈ ಪೈಪು ಇವತ್ತೂ ಬೇಕಾ?" ಎಂದು ಕೇಳಿ. ನಾಳೆಯೂ ಕೇಳಿ.