ಬಂಜೆಯೆಂದು ಕರೆಯುವ ಮುನ್ನ

ಮದುವೆಯಾಗಿ ಎರಡು ವರುಷ ಕಳೆದರೂ ಮಡಿಲು ತುಂಬದಿದ್ದರೆ ನಮ್ಮ ಮನೆಗಳಲ್ಲಿ ಎಲ್ಲರ ಬೆರಳೂ ಸೊಸೆಯ ಕಡೆಗೇ ತಿರುಗುತ್ತದೆ. ಬೀದರ್ ನಗರವಾಗಲಿ, ಭಾಲ್ಕಿ, ಔರಾದಿನ ಹಳ್ಳಿಗಳಾಗಲಿ ಇದಕ್ಕೆ ಹೊರತಲ್ಲ. ಹರಕೆ, ನಾಟಿಮದ್ದುಗಳಲ್ಲಿ ಕಾಲ ಉರುಳುತ್ತದೆ. ಕೊನೆಗೆ ಆಕೆಯನ್ನು ತವರಿಗೆ ಕಳುಹಿಸುವ ಮಾತೂ ಏಳುತ್ತದೆ. ಆದರೆ ತೊಂದರೆಯ ಮೂಲ ಕೆಲವೊಮ್ಮೆ ಗರ್ಭಕೋಶದಲ್ಲಿರದೆ, ಮೆದುಳಿನ ಬುಡದಲ್ಲಿರುವ ಬಟಾಣಿ ಕಾಳಿನಷ್ಟು ಗಾತ್ರದ ಪಿಟ್ಯುಟರಿ ಗ್ರಂಥಿಯಲ್ಲಿರುತ್ತದೆ ಎಂಬುದನ್ನು ನಮ್ಮಲ್ಲಿ ಎಷ್ಟು ಮಂದಿ ಬಲ್ಲೆವು?

ಈ ಗ್ರಂಥಿಯಲ್ಲಿ ಬೆಳೆಯುವ ಪ್ರೊಲ್ಯಾಕ್ಟಿನೋಮ ಎಂಬ ಗಂತಿ ಸಾಮಾನ್ಯವಾಗಿ ಕ್ಯಾನ್ಸರ್ ಅಲ್ಲ. ಬಾಣಂತಿಯಲ್ಲಿ ಹಾಲು ಉತ್ಪತ್ತಿ ಮಾಡಿಸುವ ಪ್ರೊಲ್ಯಾಕ್ಟಿನ್ ಹಾರ್ಮೋನನ್ನು ಅದು ಮಿತಿಮೀರಿ ಸ್ರವಿಸುತ್ತದೆ. ಇದರಿಂದ ಅಂಡಾಶಯವನ್ನು ಪ್ರಚೋದಿಸುವ ಹಾರ್ಮೋನುಗಳು ಕುಗ್ಗಿ, ಅಂಡ ಬಿಡುಗಡೆಯಾಗದೆ, ಮುಟ್ಟು ಏರುಪೇರಾಗುತ್ತದೆ ಇಲ್ಲವೇ ನಿಂತೇಹೋಗುತ್ತದೆ. ಹೆರದವಳ ಎದೆಯಲ್ಲಿ ಹಾಲು ಒಸರುವುದೂ ಉಂಟು. ಗಂತಿ ದೊಡ್ಡದಾದರೆ ತಲೆನೋವು ಬರಬಹುದು, ಅಕ್ಕಪಕ್ಕದ ನೋಟ ಮಂದವಾಗಬಹುದು.

ಇಂಥ ಲಕ್ಷಣಗಳನ್ನು ನಾಚಿಕೆಯಿಂದ ಬಚ್ಚಿಡುವಂತೆ ಹೆಣ್ಣುಮಕ್ಕಳನ್ನು ಬೆಳೆಸಿರುವುದು ನಮ್ಮದೇ ತಪ್ಪು. ಪತ್ತೆಯ ಮೊದಲ ಹೆಜ್ಜೆ ಒಂದು ರಕ್ತ ಪರೀಕ್ಷೆ ಮಾತ್ರ. ಥೈರಾಯ್ಡ್ ಕೊರತೆಯಿಂದಲೂ ಕೆಲವು ಔಷಧಿಗಳಿಂದಲೂ ಪ್ರೊಲ್ಯಾಕ್ಟಿನ್ ಏರುವುದುಂಟು; ವೈದ್ಯರು ಅವುಗಳನ್ನು ಪರಿಶೀಲಿಸಿ, ಅಗತ್ಯ ಕಂಡರೆ ಎಂ.ಆರ್.ಐ. ಮಾಡಿಸುತ್ತಾರೆ. ಕ್ಯಾಬರ್ಗೊಲಿನ್ ಅಥವಾ ಬ್ರೊಮೊಕ್ರಿಪ್ಟಿನ್ ಮಾತ್ರೆಗಳಿಂದಲೇ ಹೆಚ್ಚಿನವರಲ್ಲಿ ಗಂತಿ ಕುಗ್ಗಿ, ಋತುಚಕ್ರ ಮರಳಿ, ಗರ್ಭಧಾರಣೆ ಸಾಧ್ಯವಾಗುತ್ತದೆ. ಮಾತ್ರೆಗೆ ಬಗ್ಗದ ಗಂತಿಯನ್ನು ಮೂಗಿನ ಮಾರ್ಗವಾಗಿ ಶಸ್ತ್ರಕ್ರಿಯೆಯಿಂದ ತೆಗೆಯುತ್ತಾರೆ. ಗರ್ಭ ನಿಂತ ಮೇಲೆ ಮಾತ್ರೆ ಮುಂದುವರಿಸುವುದೂ ನಿಲ್ಲಿಸುವುದೂ ವೈದ್ಯರ ನಿರ್ಧಾರಕ್ಕೆ ಬಿಟ್ಟದ್ದು.

ಬಂಜೆತನಕ್ಕೆ ಇದೊಂದೇ ಕಾರಣವೆಂದು ನಾವು ಹೇಳುತ್ತಿಲ್ಲ. ಕೊರತೆ ಗಂಡಸಿನಲ್ಲೂ ಇರಬಹುದು; ಇದೇ ಗಂತಿ ಅವನಿಗೂ ಬರಬಹುದು. ಆದುದರಿಂದ ಪರೀಕ್ಷೆ ಇಬ್ಬರಿಗೂ ಆಗಬೇಕು. ಹೊಲ ಮಾರಿ ಪ್ರಣಾಳ ಶಿಶುವಿಗಾಗಿ ದೂರದ ನಗರಕ್ಕೆ ಹೊರಡುವ ಮೊದಲು ಮೂಲ ಕಾರಣವನ್ನು ಅರಸುವುದು ವಿವೇಕ.

ಬೀದರಿನಲ್ಲಿ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ಆಸ್ಪತ್ರೆ ಇದೆ. ಭಾಲ್ಕಿ, ಔರಾದಿನಲ್ಲಿ ತಾಲೂಕು ಆಸ್ಪತ್ರೆಗಳಿವೆ. ತಾಲೂಕಿನಲ್ಲೇ ರಕ್ತ ಕೊಟ್ಟು ಅಲ್ಲಿಯೇ ವರದಿ ಪಡೆಯುವಂತಿದ್ದರೆ ಬಡ ಹೆಣ್ಣುಮಗಳು ದಿನಗೂಲಿ ಬಿಟ್ಟು ಅಲೆಯಬೇಕಾಗದು. ನಮ್ಮ ಧರ್ಮಕೇಂದ್ರಗಳ ವಿವಾಹ ಸಿದ್ಧತಾ ಶಿಬಿರಗಳಲ್ಲಿ ಒಂದು ಗಂಟೆಯನ್ನು ವೈದ್ಯೆಯೊಬ್ಬರಿಗೆ ಮೀಸಲಿಡೋಣ. ಅತ್ತೆ ಮಾವಂದಿರನ್ನೂ ಕರೆಯೋಣ. ಮಾತ್ರೆಯಿಂದ ವಾಸಿಯಾಗಬಹುದಾದ ರೋಗಕ್ಕೆ ಶಾಪವೆಂದು ಹೆಸರಿಟ್ಟು ಒಂದು ಸಂಸಾರ ಮುರಿದರೆ, ಆ ಪಾಪದಲ್ಲಿ ನಮ್ಮೆಲ್ಲರ ಪಾಲೂ ಇದೆ.