ದುಭಾಷಿ ಇಟ್ಟುಕೊಂಡು ಮನಸ್ಸು ಬಿಚ್ಚಲಾಗುತ್ತದೆಯೇ?

ಕಾಸರಗೋಡಿನ ಕನ್ನಡ ಶಾಲೆಗಳಿಗೆ ಕನ್ನಡ ಬಾರದ ಟೀಚರುಗಳನ್ನು ಕಳಿಸುವ ಬಗ್ಗೆ ನಾವು ಬೇಕಾದಷ್ಟು ಕೂಗಾಡಿದ್ದೇವೆ. ಧರಣಿ, ಮನವಿ, ಕೋರ್ಟು ಎಲ್ಲ ಆಯಿತು. 2018ರಲ್ಲಿ ರಿಷಬ್ ಶೆಟ್ಟಿಯವರ ಸಿನಿಮಾ ಬಂದ ಮೇಲಂತೂ ಘಟ್ಟದ ಮೇಲಿನವರಿಗೂ ವಿಷಯ ಗೊತ್ತಾಯಿತು. ಆದರೆ ಇನ್ನೊಂದು ನೇಮಕದ ಬಗ್ಗೆ ನಾವು ಅಷ್ಟಾಗಿ ಮಾತಾಡಿಲ್ಲ. ಅದು ಶಾಲಾ ಕೌನ್ಸಿಲರ್ ನೇಮಕ.

ಕೇರಳದಲ್ಲಿ ಮಹಿಳಾ ಮತ್ತು ಶಿಶು ಅಭಿವೃದ್ಧಿ ಇಲಾಖೆಯ ಮೂಲಕ ಸರಕಾರಿ ಶಾಲೆಗಳಿಗೆ ಕೌನ್ಸಿಲರುಗಳು ಬರುತ್ತಾರೆ. ಎಂ.ಎಸ್.ಡಬ್ಲ್ಯೂ. ಇಲ್ಲವೇ ಮನಃಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿ ಆದವರು. ಯೋಜನೆ ಒಳ್ಳೆಯದೇ, ಅದರ ಬಗ್ಗೆ ನಮಗೆ ತಕರಾರಿಲ್ಲ. ಬರುವವರ ಮೇಲೂ ಕೋಪವಿಲ್ಲ. ಪಾಪ, ಗೌರವಧನಕ್ಕೆ ದುಡಿಯುವ, ಕೆಲಸ ಯಾವಾಗ ಹೋಗುತ್ತದೋ ಎಂಬ ಭಯದಲ್ಲಿರುವ ಹೆಣ್ಣುಮಕ್ಕಳೇ ಹೆಚ್ಚು. ಕನ್ನಡ ಬಲ್ಲವರು ಸಿಕ್ಕಿದ ಶಾಲೆಗಳೂ ಇವೆ, ಅವು ಪುಣ್ಯವಂತ ಶಾಲೆಗಳು. ಉಳಿದವುಗಳ ಗತಿ ಏನು ಎಂಬುದೇ ನಮ್ಮ ಪ್ರಶ್ನೆ.

ಗಣಿತದ ಮಾಸ್ಟ್ರಿಗೆ ಕನ್ನಡ ಬಾರದಿದ್ದರೆ ಬೋರ್ಡಿನ ಮೇಲೆ ಲೆಕ್ಕವಾದರೂ ಇರುತ್ತದೆ. ಅಂಕಿ ಎಲ್ಲರಿಗೂ ಒಂದೇ. ಕೌನ್ಸಿಲರ ಕೈಯಲ್ಲಿ ಏನಿದೆ? ಮಾತು ಬಿಟ್ಟರೆ ಇನ್ನೇನೂ ಇಲ್ಲ!

ನಮ್ಮ ಮಕ್ಕಳು ಮನಸ್ಸಿನ ಕಷ್ಟ ಹೇಳುವ ಮಾತುಗಳನ್ನೇ ನೋಡಿ. "ಮಂಡೆಬೆಚ್ಚ" ಅಂತಾರೆ. ಅಕ್ಷರಕ್ಕೆ ಅಕ್ಷರ ಅನುವಾದ ಮಾಡಿದರೆ ತಲೆ ಬಿಸಿ, ಅಂದರೆ ಜ್ವರದ ಮಾತ್ರೆ ಕೊಡಬೇಕಾದೀತು. "ಬೇಜಾರು" ಎಂದರೆ ಬೇಸರವೂ ಹೌದು, ದುಃಖವೂ ಹೌದು, ಒಮ್ಮೊಮ್ಮೆ ಬದುಕೇ ಬೇಡ ಎನ್ನುವುದೂ ಹೌದು. ಯಾವುದು ಎಂಬುದು ಹೇಳುವ ಧಾಟಿಯಲ್ಲಿದೆ. ಇನ್ನು ಆ ಕಡೆಯಿಂದ ಬರುವ ಮಾತು? ಮಲಯಾಳದಲ್ಲಿ "ವಿಷಮಂ ಉಂಡೋ" ಎಂದರೆ ಮನಸ್ಸಿಗೆ ನೋವಿದೆಯಾ ಎಂದು. ಐದನೇ ಕ್ಲಾಸಿನ ಕನ್ನಡ ಮಗುವಿನ ಕಿವಿಗೆ ಅದು ವಿಷ ಉಂಡೆಯಾ ಎಂದಂತೆ ಕೇಳಿದರೆ ತಪ್ಪು ಯಾರದು? "ಪೇಡಿ" ಎಂದರೆ ಅವರಿಗೆ ಹೆದರಿಕೆ, ನಮಗೆ ನೆನಪಾಗುವುದು ಹೇಡಿ. ನಗು ಬರುತ್ತದೆ, ನಿಜ. ಆದರೆ ಆ ಕೋಣೆಯೊಳಗೆ ಕೂತ ಮಗುವಿಗೆ ನಗು ಬರುವುದಿಲ್ಲ.

"ಕಾಸರಗೋಡಿನ ಮಕ್ಕಳಿಗೆ ಮಲಯಾಳ ಬರುತ್ತದಲ್ಲ" ಎಂಬ ಉತ್ತರ ಯಾವಾಗಲೂ ಸಿದ್ಧ. ಬರುತ್ತದೆ ಸ್ವಾಮಿ. ಬಸ್ಸಿನಲ್ಲಿ, ಅಂಗಡಿಯಲ್ಲಿ ಬೇಕಾದಷ್ಟು ಬರುತ್ತದೆ. ಮನೆಯಲ್ಲಿ ತುಳು, ಹವ್ಯಕ, ಮರಾಠಿ, ಕೊಂಕಣಿ ಮಾತಾಡುವ ಮಕ್ಕಳೂ ನಮ್ಮಲ್ಲಿದ್ದಾರೆ, ಎಲ್ಲರ ತಾಯ್ನುಡಿ ಕನ್ನಡವಲ್ಲ ಎಂಬುದನ್ನೂ ಒಪ್ಪೋಣ. ಆದರೆ ಅವರೆಲ್ಲ ಓದುವುದು, ಬರೆಯುವುದು, ಮನೆಯ ಹೊರಗೆ ದೊಡ್ಡವರ ಎದುರು ಬಾಯಿ ಬಿಡುವುದು ಕನ್ನಡದಲ್ಲಿ. ಮೀನಿನ ರೇಟು ಕೇಳಲು ಸಾಕಾಗುವ ಭಾಷೆ, ಅಪ್ಪ ಕುಡಿದು ಬಂದು ರಾತ್ರಿ ಏನು ಮಾಡಿದರು ಎಂದು ಹೇಳಲು ಸಾಕಾಗುವುದಿಲ್ಲ.

ಆಗ ಏನಾಗುತ್ತದೆ? ನಮ್ಮನ್ನು ಕರೆಯುತ್ತಾರೆ. "ಟೀಚರ್, ಒಂದು ಬಂದು ಹೇಳಿ, ಇವಳು ಏನು ಹೇಳ್ತಾಳೆ ಅಂತ." ಕ್ಲಾಸ್ ಟೀಚರೇ ದುಭಾಷಿ. ಟೀಚರು ಸಿಗದಿದ್ದರೆ ಎರಡೂ ಭಾಷೆ ಬಲ್ಲ ಇನ್ನೊಬ್ಬ ವಿದ್ಯಾರ್ಥಿನಿ! ಇದಕ್ಕೆ ಕೌನ್ಸಿಲಿಂಗ್ ಎಂದು ಹೆಸರು. ಗುಟ್ಟು ಗುಟ್ಟಾಗಿ ಉಳಿಯಬೇಕೆಂಬುದು ಆ ವೃತ್ತಿಯ ಮೊದಲ ಪಾಠ ತಾನೇ? ಮೂರನೆಯವರು ಕೋಣೆಯೊಳಗೆ ಬಂದ ಕೂಡಲೇ ಮಗು ಬಾಯಿ ಮುಚ್ಚುತ್ತದೆ. ಇನ್ನೂ ಒಂದು ಮಾತು, ನಮ್ಮವರಿಗೆ ಸಿಟ್ಟು ಬಂದರೂ ಹೇಳಲೇಬೇಕು: ಕೆಲವು ಸಲ ಮಗುವಿನ ದೂರು ಟೀಚರ ಮೇಲೆಯೇ ಇರಬಹುದು. ಆ ದೂರನ್ನು ಅದೇ ಟೀಚರು ಅನುವಾದಿಸಬೇಕೇ?

ಕಾನೂನಿಗೆ ಇದು ಗೊತ್ತಿಲ್ಲವೆಂದಲ್ಲ. 2012ರ ಪೋಕ್ಸೋ ಕಾಯ್ದೆಯಲ್ಲಿ, ದೂರು ಬರೆದುಕೊಳ್ಳುವ ಭಾಷೆ ಮಗುವಿಗೆ ತಿಳಿಯದಿದ್ದರೆ ದುಭಾಷಿಯನ್ನು ಒದಗಿಸಬೇಕೆಂದು ಇದೆ. ಆದರೆ ಅದು ದೂರು ಕೊಡುವ ಹಂತದ ಮಾತು. ಮಗು ಅಲ್ಲಿವರೆಗೆ ಬರಬೇಕಾದರೆ ಮೊದಲು ಯಾರಾದರೂ ಒಬ್ಬರ ಹತ್ತಿರ ಮನಸ್ಸು ಬಿಚ್ಚಿರಬೇಕಲ್ಲ? 2009ರ ಶಿಕ್ಷಣ ಹಕ್ಕು ಕಾಯ್ದೆಯ 29ನೇ ಸೆಕ್ಷನ್ ಓದಿ. ಸಾಧ್ಯವಾದಷ್ಟು ಮಾತೃಭಾಷೆಯಲ್ಲಿ ಕಲಿಸಬೇಕು ಎಂದು ಒಂದು ಕಲಮು, ಮಗುವನ್ನು ಹೆದರಿಕೆ, ಆಘಾತ, ಆತಂಕಗಳಿಂದ ಮುಕ್ತಗೊಳಿಸಿ ಮುಕ್ತವಾಗಿ ಮಾತಾಡಲು ನೆರವಾಗಬೇಕು ಎಂದು ಅದರ ಬೆನ್ನಿಗೇ ಇನ್ನೊಂದು. ಬರೆದವರು ಎರಡನ್ನೂ ಅಕ್ಕಪಕ್ಕ ಇಟ್ಟಿದ್ದಾರೆ. ನೇಮಕ ಮಾಡುವವರು ಮಾತ್ರ ಬೇರೆ ಬೇರೆ ಮಾಡಿ ಓದುತ್ತಾರೆ.

ಫೋನಿನಲ್ಲಿ 14416 ಇದೆಯಲ್ಲ ಎನ್ನುವವರಿದ್ದಾರೆ. 2022ರ ಅಕ್ಟೋಬರದಲ್ಲಿ ಶುರುವಾದ ಟೆಲಿ ಮನಸ್ ಸೇವೆಯಲ್ಲಿ ಕನ್ನಡವೂ ಇದೆ, ಅದನ್ನು ಮಕ್ಕಳಿಗೆ ತಿಳಿಸಬೇಕು ಕೂಡ. ಆದರೆ ಏಳನೇ ಕ್ಲಾಸಿನ ಮಗುವಿಗೆ ಸ್ವಂತ ಫೋನು ಎಲ್ಲಿಂದ? ಅಮ್ಮನ ಫೋನಿನಲ್ಲಿ ಅಮ್ಮನ ಎದುರೇ ಮಾತಾಡಬೇಕು.

ಹಾಗಾದರೆ ಕನ್ನಡ ಬಲ್ಲ ಕೌನ್ಸಿಲರು ಎಲ್ಲಿ ಸಿಗುತ್ತಾರೆ? ಚಂದ್ರಗಿರಿ ಹೊಳೆ ದಾಟಿ ಪೆರಿಯಕ್ಕೆ ಹೋಗಿ ನೋಡಿ. 2009ರಲ್ಲಿ ಸ್ಥಾಪನೆಯಾದ ಕೇರಳ ಕೇಂದ್ರೀಯ ವಿಶ್ವವಿದ್ಯಾಲಯ ನಮ್ಮದೇ ಜಿಲ್ಲೆಯಲ್ಲಿದೆ. ಅಲ್ಲಿ ಸಮಾಜಕಾರ್ಯ ವಿಭಾಗವಿದೆ, ಕನ್ನಡ ವಿಭಾಗವೂ ಇದೆ. ಸಮಾಜಕಾರ್ಯ ಓದುವವರಿಗೆ ಕ್ಷೇತ್ರಕಾರ್ಯ ಕಡ್ಡಾಯ. ಹೊಸ ಅಧ್ಯಾಪಕರನ್ನು ತೆಗೆದುಕೊಳ್ಳುವಾಗ ಒಬ್ಬರಾದರೂ ಕನ್ನಡವೋ ತುಳುವೋ ಬಲ್ಲವರಿರಲಿ. ಹೊಸದಾಗಿ ಬರುವ ಸಂಶೋಧನಾ ವಿದ್ಯಾರ್ಥಿಗಳಿಗೆ ಕನ್ನಡ ವಿಭಾಗದವರು ಮಾತಿನ ಕನ್ನಡ ಕಲಿಸಲಿ, ಮಂಡೆಬೆಚ್ಚದಿಂದಲೇ ಶುರು ಮಾಡಲಿ. ಕ್ಷೇತ್ರಕಾರ್ಯಕ್ಕೆ ಮಂಜೇಶ್ವರ, ಪೈವಳಿಕೆ, ಎಣ್ಮಕಜೆ ಕಡೆಯ ಕನ್ನಡ ಶಾಲೆಗಳಿಗೂ ಬರಲಿ. ಎಂಡೋಸಲ್ಫಾನ್ ಬಾಧಿತ ಎಣ್ಮಕಜೆಯ ಮನೆಗಳಲ್ಲಿ, ಕಾಯಿಲೆ ಬಿದ್ದ ಮಗುವಿನ ಪಕ್ಕದಲ್ಲೇ ಬೆಳೆದ ಅಕ್ಕ ತಂಗಿಯರ ಕಥೆ ಕೇಳುವುದಕ್ಕೇ ಅವರಿಗೆ ಒಂದು ವರ್ಷ ಸಾಲದು.

ನಮ್ಮವರಿಗೂ ಒಂದು ಮಾತು. ಕನ್ನಡ ಮಾಧ್ಯಮದಲ್ಲಿ ಓದಿದ ಹುಡುಗ ಹುಡುಗಿಯರು ಟಿ.ಟಿ.ಸಿ., ಬಿ.ಎಡ್., ಕನ್ನಡ ಎಂ.ಎ. ಬಿಟ್ಟು ಬೇರೆ ಕಡೆ ತಿರುಗಿ ನೋಡುವುದಿಲ್ಲ. ವರ್ಷಕ್ಕೆ ನಾಲ್ಕು ಮಂದಿಯಾದರೂ ಎಂ.ಎಸ್.ಡಬ್ಲ್ಯೂ.ಗೆ, ಮನಃಶಾಸ್ತ್ರಕ್ಕೆ ಹೋಗಬಾರದೇ? ಅರ್ಜಿ ಹಾಕುವವರೇ ಇಲ್ಲದಿದ್ದರೆ "ಅಭ್ಯರ್ಥಿ ಸಿಗಲಿಲ್ಲ" ಎಂದು ಬರೆದು ಫೈಲು ಮುಚ್ಚುವುದು ಆಫೀಸಿಗೆ ಬಹಳ ಸುಲಭ.

ಈಗ ಆಗಬೇಕಾದ್ದು ಇಷ್ಟು. ಜೂನ್‌ನಲ್ಲಿ ಶಾಲೆ ತೆರೆಯುವ ಮೊದಲು ಪ್ರತಿ ಪಿ.ಟಿ.ಎ. ಒಂದು ಠರಾವು ಮಾಡಲಿ: ಕನ್ನಡ ಮಾಧ್ಯಮ ಶಾಲೆಯ ಕೌನ್ಸಿಲರ್ ಹುದ್ದೆಗೆ ಕನ್ನಡ ಮಾತಾಡಲು, ಓದಲು ಬರುವುದು ಕಡ್ಡಾಯ ಅರ್ಹತೆಯಾಗಬೇಕು, ಸಂದರ್ಶನವೂ ಕನ್ನಡದಲ್ಲೇ ನಡೆಯಬೇಕು. ಪ್ರತಿ ಇಲಾಖೆಗೆ, ಜಿಲ್ಲಾಧಿಕಾರಿಗೆ, ಪೆರಿಯದ ವಿಶ್ವವಿದ್ಯಾಲಯಕ್ಕೆ. ಮನವಿಯನ್ನು ಕನ್ನಡದಲ್ಲೇ ಬರೆಯಿರಿ. ಸಂವಿಧಾನದ 350ನೇ ವಿಧಿ ಅದಕ್ಕೆ ಹಕ್ಕು ಕೊಟ್ಟಿದೆ. ಅನುವಾದ ಬೇಕಾದರೆ ಅವರೇ ಮಾಡಿಸಿಕೊಳ್ಳಲಿ.