ಹಂಚಿಕೆಯ ಕನ್ನಡ ತರಗತಿಗಾಗಿ ಪೆರಂಬೂರಿನ ಪೋಷಕರ ಮನವಿ ಪತ್ರ

ಇವರಿಗೆ,
ಮಾನ್ಯ ಅಧ್ಯಕ್ಷರು,
ಕನ್ನಡ ಅಭಿವೃದ್ಧಿ ಪ್ರಾಧಿಕಾರ, ಬೆಂಗಳೂರು

ವಿಷಯ: ಚೆನ್ನೈಯ ಪೆರಂಬೂರು ಮತ್ತು ಸುತ್ತಲಿನ ಬಡಾವಣೆಗಳ ಕನ್ನಡ ಮಕ್ಕಳಿಗೆ ಅಂತರ್ಜಾಲದ ಸಹಬರಹ ಮತ್ತು ಹಂಚಿಕೆ ಸಲಕರಣೆಗಳ ಮೂಲಕ ಕನ್ನಡ ತರಗತಿ ನಡೆಸುವ ಬಗ್ಗೆ.

ಹಲವರು ಏಕಕಾಲಕ್ಕೆ ಒಂದೇ ಪುಟದಲ್ಲಿ ಬರೆಯಬಹುದಾದ ಗೂಗಲ್ ಡಾಕ್ಸ್, ಪಾಠ, ಹೋಮ್‌ವರ್ಕ್ ಮತ್ತು ತಿದ್ದುಪಡಿಗಳನ್ನು ಒಂದೆಡೆ ಕೂಡಿಡುವ ಗೂಗಲ್ ಕ್ಲಾಸ್‌ರೂಮ್ ಹಾಗೂ ಮೂಡಲ್, ಯಾರು ಬೇಕಾದರೂ ತಿದ್ದಿ ಬೆಳೆಸಬಹುದಾದ ವಿಕಿ ಪುಟಗಳು ಇಂದು ಬೋಧನೆಯ ಸಾಮಾನ್ಯ ಸಲಕರಣೆಗಳಾಗಿವೆ. ಶಿಕ್ಷಕರೂ ಮಕ್ಕಳೂ ಒಂದೇ ಕೋಣೆಯಲ್ಲಿ ಕೂರುವ ಶಾಲೆಗೆ ಇವು ಹೆಚ್ಚುವರಿ ಅನುಕೂಲ ಮಾತ್ರ. ಶಾಲೆಗೊಬ್ಬರು ಇಬ್ಬರಂತೆ ಚದುರಿಹೋಗಿರುವ ಮಕ್ಕಳಿಗೆ ಇವಿಲ್ಲದೆ ತರಗತಿಯೇ ಸಾಧ್ಯವಿಲ್ಲ. ಪೆರಂಬೂರು, ಅಯನಾವರಂ, ವಿಲ್ಲಿವಾಕ್ಕಂ, ಕೊಳತ್ತೂರು ಕಡೆಯ ಕನ್ನಡ ಮನೆಗಳ ಸ್ಥಿತಿ ಈ ಎರಡನೆಯದು.

ಇಲ್ಲಿಗೂ ಕನ್ನಡ ನಾಡಿಗೂ ಇರುವ ನಂಟು ಹಳೆಯದು, ಅದು ಹಳಿಗಳ ಮೇಲೆ ಬಂದದ್ದು. ಧಾರವಾಡದಲ್ಲಿ ಕೇಂದ್ರ ಕಚೇರಿ ಇದ್ದ ಸದರ್ನ್ ಮರಾಠಾ ರೈಲ್ವೆ 1908ರಲ್ಲಿ ಮದ್ರಾಸ್ ರೈಲ್ವೆಯೊಡನೆ ಒಂದಾದಾಗ ಹುಬ್ಬಳ್ಳಿಯ ಕಾರ್ಯಾಗಾರವೂ ಪೆರಂಬೂರಿನ ಕಾರ್ಯಾಗಾರವೂ ಒಂದೇ ಕಂಪನಿಯ ಕೈಗೆ ಬಂದವು. 1951ರಲ್ಲಿ ದಕ್ಷಿಣ ರೈಲ್ವೆ ರೂಪುಗೊಂಡಾಗ ಮೈಸೂರು ಸಂಸ್ಥಾನದ ರೈಲ್ವೆಯೂ ಅದರೊಳಗೆ ಸೇರಿತು. 1955ರಲ್ಲಿ ಇಲ್ಲಿ ರೈಲು ಬೋಗಿ ತಯಾರಿಸುವ ಇಂಟಿಗ್ರಲ್ ಕೋಚ್ ಫ್ಯಾಕ್ಟರಿ ಉದ್ಘಾಟನೆಯಾಯಿತು. 2011ರ ಜನಗಣತಿಯಂತೆ ತಮಿಳುನಾಡಿನಲ್ಲಿ ಕನ್ನಡವನ್ನು ತಾಯ್ನುಡಿ ಎಂದು ಬರೆಸಿದವರು ಹತ್ತು ಲಕ್ಷಕ್ಕೂ ಹೆಚ್ಚು. ಗಡಿ ಜಿಲ್ಲೆಗಳಲ್ಲಿ ಕನ್ನಡ ಊರುಗಳೇ ಇರುವುದರಿಂದ ಅಲ್ಲಿ ಕನ್ನಡ ಶಾಲೆಯ ಮಾತು ಎತ್ತಬಹುದು. ಮಹಾನಗರದ ಮನೆಗಳಿಗೆ ಆ ಭಾಗ್ಯವಿಲ್ಲ.

ತಮಿಳುನಾಡಿನ ಶಾಲೆಗಳಲ್ಲಿ 2006ರ ಕಾಯ್ದೆಯು ತಮಿಳು ಕಲಿಕೆಯನ್ನು ಹಂತ ಹಂತವಾಗಿ ಕಡ್ಡಾಯಗೊಳಿಸಿದೆ. ಈ ಮನವಿಗೆ ಅದರ ಮೇಲೆ ತಕರಾರಿಲ್ಲ. ಇಲ್ಲಿ ಬಾಳುವ ಮಕ್ಕಳು ತಮಿಳು ಕಲಿಯಲೇಬೇಕು. ಚೆನ್ನೈ ಶಾಲೆಗಳ ವೇಳಾಪಟ್ಟಿ ತಿದ್ದುವ ಅಧಿಕಾರ ಪ್ರಾಧಿಕಾರಕ್ಕಿಲ್ಲವೆಂಬುದೂ ತಿಳಿದದ್ದೇ. ಕೇಳುತ್ತಿರುವುದು ವಾರದ ಒಂದೆರಡು ಸಂಜೆಗಳ ತರಗತಿಯನ್ನು.

ಪಾಠದ ಸಾಮಗ್ರಿಗೆ ಕೊರತೆಯಿಲ್ಲ. 2017ರಲ್ಲಿ ಆರಂಭವಾದ ದೀಕ್ಷಾ ಜಾಲತಾಣದಲ್ಲಿ ಕರ್ನಾಟಕದ ಕನ್ನಡ ಪಾಠಗಳಿವೆ. ಕೊರೊನಾ ವರ್ಷದಲ್ಲಿ ಚಂದನ ವಾಹಿನಿ ಪ್ರಸಾರ ಮಾಡಿದ ಸಂವೇದ ಪಾಠಗಳೂ ಇವೆ. ಆದರೆ ಇವೆಲ್ಲ ಒಮ್ಮುಖ. ಮಗು ನೋಡುತ್ತದೆ, ಕೇಳುತ್ತದೆ. ಅದು ಬರೆದ ಸಾಲನ್ನು ಓದುವವರಿಲ್ಲ, ಒತ್ತಕ್ಷರ ತಪ್ಪಿದರೆ ತಿದ್ದುವವರಿಲ್ಲ. ಮನೆಯಲ್ಲಿ ಕನ್ನಡ ಮಾತನಾಡುವ ಮಗುವಿಗೆ ಕೇಳಿ ಅರ್ಥಮಾಡಿಕೊಳ್ಳುವುದು ಹೇಗೂ ಬರುತ್ತದೆ. ಬಾರದಿರುವುದು ಓದು ಮತ್ತು ಬರಹ. ವಾಟ್ಸಾಪ್ ಗುಂಪಿಗೆ ಪಿಡಿಎಫ್ ಹಾಕಿ ಅದನ್ನೇ ಆನ್‌ಲೈನ್ ತರಗತಿ ಎಂದು ಲೆಕ್ಕ ತೋರಿಸುವ ಯೋಜನೆ ಬರುವುದಾದರೆ ಬಾರದಿರುವುದೇ ಲೇಸು.

ಬೇರೆ ದಾರಿಯನ್ನು ಕರ್ನಾಟಕವೇ ತೋರಿಸಿದೆ. ರಾಜ್ಯ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಇಲಾಖೆ (ಡಿಎಸ್‌ಇಆರ್‌ಟಿ) ಮತ್ತು ಐಟಿ ಫಾರ್ ಚೇಂಜ್ ಸಂಸ್ಥೆ ಕೂಡಿ ಸರ್ಕಾರಿ ಪ್ರೌಢಶಾಲೆಗಳ ವಿಷಯ ಶಿಕ್ಷಕರನ್ನು ಒಂದು ಜಾಲಕ್ಕೆ ತಂದವು. ಅದರ ಬೆನ್ನಿಗೇ ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳು ಎಂಬ ತಾಣ ರೂಪುಗೊಂಡಿತು. ವಿಕಿಪೀಡಿಯ ನಡೆಯುವ ತಂತ್ರಾಂಶವೇ ಅದಕ್ಕೂ ಆಧಾರ. ಒಬ್ಬ ಶಿಕ್ಷಕರು ಹಾಕಿದ ಪಾಠಯೋಜನೆಯನ್ನು ಇನ್ನೊಂದು ಜಿಲ್ಲೆಯ ಶಿಕ್ಷಕರು ತಿದ್ದಿ ಬೆಳೆಸಬಹುದು. ಮುಕ್ತ ಪರವಾನಗಿ ಇರುವುದರಿಂದ ಮತ್ತೆ ಬಳಸಲು ಯಾರ ಅಪ್ಪಣೆಯೂ ಬೇಡ. ಹೊರನಾಡಿನ ಮಕ್ಕಳಿಗೆ ಹೊಂದುವ ಪಾಠಗಳನ್ನು ಇದೇ ರೀತಿಯಲ್ಲಿ, ಇಂಥದೇ ಪರವಾನಗಿಯಡಿ ಸಿದ್ಧಪಡಿಸಬೇಕೆಂಬುದು ಮೊದಲ ಬೇಡಿಕೆ. ಕರ್ನಾಟಕದ ಪಠ್ಯಪುಸ್ತಕವನ್ನು ಹಾಗೆಯೇ ಕಳುಹಿಸಿದರೆ ಸಾಲದು. ಹತ್ತು ವರ್ಷದ ಮಗುವಿಗೆ ಒಂದನೇ ತರಗತಿಯ ಪುಸ್ತಕ ಕೊಟ್ಟರೆ ಅದು ನಾಚಿ ಮಡಚಿಡುತ್ತದೆ.

ಎರಡನೆಯದು ಜೋಡಿ ತರಗತಿ. ಈ ಮನವಿಯ ಜೀವಾಳವೂ ಇದೇ. ಹುಬ್ಬಳ್ಳಿಯ ಒಂದು ಸರ್ಕಾರಿ ಶಾಲೆಯ ಮಕ್ಕಳನ್ನೂ ಪೆರಂಬೂರಿನ ಮಕ್ಕಳನ್ನೂ ಒಂದೇ ಹಂಚಿಕೆಯ ಪುಟದಲ್ಲಿ ಕೂರಿಸಬೇಕು. ಎರಡೂ ರೈಲ್ವೆ ಊರುಗಳಾದ್ದರಿಂದ ಬರೆಯಲು ವಸ್ತು ಹುಡುಕಬೇಕಿಲ್ಲ. ಹುಬ್ಬಳ್ಳಿ ನಿಲ್ದಾಣದ 1,507 ಮೀಟರ್ ಉದ್ದದ ಪ್ಲಾಟ್‌ಫಾರ್ಮ್ ಬಗ್ಗೆ ಅಲ್ಲಿಯವರು ಬರೆದರೆ, ಕೋಚ್ ಫ್ಯಾಕ್ಟರಿಯಲ್ಲಿ ವಂದೇ ಭಾರತ್ ಬೋಗಿ ಹೇಗೆ ಕಟ್ಟುತ್ತಾರೆಂದು ಅಪ್ಪನನ್ನೋ ನೆರೆಮನೆಯ ಮಾವನನ್ನೋ ಕೇಳಿ ಇಲ್ಲಿಯವರು ಬರೆಯಬಹುದು. ಒಬ್ಬರು ಬರೆದದ್ದಕ್ಕೆ ಇನ್ನೊಬ್ಬರು ಅಂಚಿನಲ್ಲಿ ಟಿಪ್ಪಣಿ ಹಾಕುತ್ತಾರೆ, ಅರ್ಥವಾಗದ್ದನ್ನು ಕೇಳುತ್ತಾರೆ. ಪುಟದ ಹಿಂದಿನ ರೂಪಗಳೆಲ್ಲ ಉಳಿಯುವುದರಿಂದ ಯಾವ ಮಗು ಏನು ತಿದ್ದಿಕೊಂಡಿತು, ಎಲ್ಲಿ ಎಡವುತ್ತಿದೆ ಎಂಬುದು ಶಿಕ್ಷಕರಿಗೆ ಕಾಣುತ್ತದೆ. ಕಾಗದದ ನೋಟ್‌ಬುಕ್ಕಿನಲ್ಲಿ ರಬ್ಬರಿನಿಂದ ಅಳಿಸಿದ ತಪ್ಪು ಹೀಗೆ ಕಾಣುವುದಿಲ್ಲ. ಓರಗೆಯವರು ಓದುತ್ತಾರೆಂದು ತಿಳಿದಾಗ ಮಗು ಬರೆಯುವ ಎಚ್ಚರವೇ ಬೇರೆ. ಇದಕ್ಕೆ ಹುಬ್ಬಳ್ಳಿ ಕಡೆಯಿಂದ ಒಬ್ಬ ಶಿಕ್ಷಕರು, ಇಲ್ಲಿ ಮಕ್ಕಳ ಜೊತೆ ಕೂರುವ ಒಬ್ಬ ಸಹಾಯಕರು ಬೇಕು. ಇಬ್ಬರಿಗೂ ಗೌರವಧನ ನಿಗದಿಯಾಗಬೇಕು. ಕನ್ನಡದ ಕೆಲಸವೆಂದು ಪುಕ್ಕಟೆ ದುಡಿಸಿಕೊಂಡ ತರಗತಿಗಳು ಬೇಸಿಗೆ ರಜೆ ದಾಟುವುದು ಕಷ್ಟ.

ಶಿಕ್ಷಕರ ತರಬೇತಿಯಲ್ಲಿ ಯೂನಿಕೋಡ್ ಬರಹ ಮೊದಲು ಬರಬೇಕು. ಹಳೆಯ ನುಡಿ, ಬರಹ ಅಕ್ಷರಶೈಲಿಗಳಲ್ಲಿ ಸಿದ್ಧವಾದ ಪಾಠ ಮತ್ತು ಪ್ರಶ್ನೆಪತ್ರಿಕೆಗಳು ಹಂಚಿಕೆಯ ಪುಟಕ್ಕೆ ಬಂದೊಡನೆ ಅರ್ಥವಿಲ್ಲದ ಚಿಹ್ನೆಗಳಾಗುತ್ತವೆ. ಅವನ್ನು ಪರಿವರ್ತಕದ ಮೂಲಕ ಯೂನಿಕೋಡಿಗೆ ತಂದೇ ಹಂಚುವ ನಿಯಮವಿರಲಿ. ಗೂಗಲ್ ಡಾಕ್ಸಿನ ಧ್ವನಿ ಬರಹ ಕನ್ನಡದಲ್ಲೂ ಲಭ್ಯವಿದೆ. ಶಿಕ್ಷಕರಿಗೆ ಅದು ವರ, ಕಾಗುಣಿತ ಕಲಿಯುತ್ತಿರುವ ಮಗುವಿಗೆ ಅಲ್ಲ. ಚಿಕ್ಕ ಮಕ್ಕಳು ಕೈಯಲ್ಲೇ ಬರೆದು ಫೋಟೋ ತೆಗೆದು ಹಾಕುವ ಪದ್ಧತಿ ಒಳ್ಳೆಯದು.

ತರಗತಿಯ ಖಾತೆಗಳು ಪ್ರಾಧಿಕಾರದ ಹೆಸರಿನಲ್ಲಿರಬೇಕು. ಶಿಕ್ಷಕರ ಸ್ವಂತ ಖಾತೆಯಲ್ಲಿದ್ದರೆ ಅವರು ವರ್ಗವಾದ ದಿನವೇ ಪಾಠಗಳೂ ಹೊರಟುಹೋಗುತ್ತವೆ. ಕಂಪನಿಗಳನ್ನೂ ಪೂರ್ತಿ ನೆಚ್ಚುವಂತಿಲ್ಲ: ಬಹಳ ಶಾಲೆಗಳು ಬಳಸುತ್ತಿದ್ದ ಗೂಗಲ್ ಜಾಮ್‌ಬೋರ್ಡ್ 2024ರ ಕೊನೆಗೆ ಮುಚ್ಚಿತು. ಆದ್ದರಿಂದ ವರ್ಷಕ್ಕೊಮ್ಮೆ ಎಲ್ಲ ಸಾಮಗ್ರಿಯ ಪ್ರತಿಯನ್ನು ಪ್ರಾಧಿಕಾರವೇ ಇಳಿಸಿಟ್ಟುಕೊಳ್ಳಬೇಕು. ಸಾಧ್ಯವಾದಲ್ಲಿ ಮೂಡಲ್‌ನಂಥ ಮುಕ್ತ ತಂತ್ರಾಂಶ ಆರಿಸಬೇಕು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ 18 ವರ್ಷದೊಳಗಿನವರ ಮಾಹಿತಿ ಬಳಸಲು ಪೋಷಕರ ಒಪ್ಪಿಗೆ ಬೇಕು. ಒಪ್ಪಿಗೆ ಪತ್ರ ಕನ್ನಡದಲ್ಲಿಯೂ ತಮಿಳಿನಲ್ಲಿಯೂ ಇರಲಿ. ಮಕ್ಕಳ ಪೂರ್ಣ ಹೆಸರು, ಭಾವಚಿತ್ರ, ಫೋನ್ ಸಂಖ್ಯೆಗಳು ಹೊರಗಿನವರಿಗೆ ಕಾಣುವ ಪುಟದಲ್ಲಿ ಬರಬಾರದು.

ಎಷ್ಟೋ ಮನೆಗಳಲ್ಲಿ ಇರುವುದು ಒಂದೇ ಸ್ಮಾರ್ಟ್‌ಫೋನ್. ಅದು ಸಂಜೆ ಪಾಳಿ ಮುಗಿಸಿದವರ ಜೊತೆ ಮನೆಗೆ ಬರುತ್ತದೆ. ಹೀಗಾಗಿ ತರಗತಿಯನ್ನು ಮನೆಮನೆಯ ಫೋನಿಗೆ ಬಿಟ್ಟುಬಿಡದೆ, ಪೆರಂಬೂರಿನಲ್ಲಿ ಬಾಡಿಗೆಯ ಒಂದು ಕೋಣೆ, ಅಂತರ್ಜಾಲ ಸಂಪರ್ಕ, ಒಂದು ಪ್ರೊಜೆಕ್ಟರ್ ಹಾಗೂ ಇಬ್ಬರು ಮಕ್ಕಳಿಗೊಂದರಂತೆ ಟ್ಯಾಬ್‌ಗಳನ್ನು ಒದಗಿಸಬೇಕೆಂದು ಕೋರಲಾಗಿದೆ.

ಕಲಿಕೆಗೆ ಮನ್ನಣೆಯೂ ಬೇಕು. ಕನ್ನಡ ಸಾಹಿತ್ಯ ಪರಿಷತ್ತು ಪ್ರವೇಶ, ಕಾವ, ಜಾಣ, ರತ್ನ ಪರೀಕ್ಷೆಗಳನ್ನು ನಡೆಸುತ್ತದೆ. ಈ ತರಗತಿಯ ಮಕ್ಕಳು ಚೆನ್ನೈಯಲ್ಲೇ ಕುಳಿತು ಪ್ರವೇಶ ಪರೀಕ್ಷೆ ಬರೆಯುವಂತೆ ಪರಿಷತ್ತಿನೊಡನೆ ಪ್ರಾಧಿಕಾರ ಮಾತನಾಡಬೇಕು. ಒಂದು ಶೈಕ್ಷಣಿಕ ವರ್ಷ ಪ್ರಯೋಗವಾಗಿ ನಡೆಸಿ, ಮಕ್ಕಳ ಬರಹಗಳನ್ನೇ ಮುಂದಿಟ್ಟುಕೊಂಡು ಫಲಿತಾಂಶ ಪರಿಶೀಲಿಸಿ, ಆಮೇಲೆ ಹೊರನಾಡಿನ ಇತರ ಊರುಗಳಿಗೆ ವಿಸ್ತರಿಸುವ ತೀರ್ಮಾನ ಕೈಗೊಳ್ಳಬಹುದು.

ಸ್ಥಳ: ಪೆರಂಬೂರು, ಚೆನ್ನೈ
ಮನವಿದಾರರು: ಪೆರಂಬೂರು ಮತ್ತು ಸುತ್ತಲಿನ ಬಡಾವಣೆಗಳ ಕನ್ನಡ ಪೋಷಕರು